ಬೀಟೆ ನಮ್ಮದು, ಗಿಟಾರ್ ಮಾತ್ರ ಯಾಕೆ ಅವರದ್ದು?

ನಮ್ಮ ಮಲೆನಾಡಿನ ಬೀಟೆ ಮರ ಏನಾಗುತ್ತದೆ ಅಂತ ಯಾರನ್ನಾದರೂ ಕೇಳಿ. ಮಂಚ, ಸೋಫಾ, ಶ್ರೀಮಂತರ ಮನೆ ಬಾಗಿಲು ಅನ್ನುತ್ತಾರೆ. ಅದು ಅರ್ಧ ಉತ್ತರ. ಇನ್ನರ್ಧ ಕೇಳಿದರೆ ಹೊಟ್ಟೆ ಉರಿಯುತ್ತದೆ. ಕರೆಂಟ್ ಇಲ್ಲದೆ ನುಡಿಯುವ ಅಕೌಸ್ಟಿಕ್ ಗಿಟಾರ್‌ಗಳಲ್ಲಿ ದುಬಾರಿ ಎನಿಸಿದ ಎಷ್ಟೋ ಗಿಟಾರ್‌ಗಳ ಬೆನ್ನು, ಪಕ್ಕೆ ಎರಡೂ ಬೀಟೆಯವೇ. ವಿದೇಶದ ಅಂಗಡಿಗಳಲ್ಲಿ ಅದಕ್ಕೆ ‘ಇಂಡಿಯನ್ ರೋಸ್‌ವುಡ್’ ಅಂತ ಹೆಸರು.

ಇದು ನಿನ್ನೆ ಮೊನ್ನೆಯ ಕಥೆ ಅಲ್ಲ. ಅಮೆರಿಕದ ಮಾರ್ಟಿನ್ ಕಂಪನಿ 1833ರಿಂದ ಗಿಟಾರ್ ಮಾಡುತ್ತಿದೆ. ಮೊದಲು ಅವರು ಬಳಸುತ್ತಿದ್ದದ್ದು ಬ್ರೆಜಿಲ್ ದೇಶದ ಬೀಟೆ. ಅಲ್ಲಿಂದ ದಿಮ್ಮಿ ಬರುವುದು ನಿಂತಾಗ, 1969ರಲ್ಲಿ ಅವರು ಭಾರತದ ಬೀಟೆಗೆ ಬಂದರು. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವೇ ಬಂದ್ ಆಯಿತು. ಅಂದರೆ ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪಶ್ಚಿಮ ಘಟ್ಟದ ಮರ ಪರದೇಶದಲ್ಲಿ ಹಾಡುತ್ತಿದೆ. ಇಲ್ಲಿ ನಾವು ಹಲಗೆ ಎಣಿಸಿ ಕಳಿಸಿಕೊಂಡು ಕೂತಿದ್ದೇವೆ.

ಕಂಪನಿಗಳ ಮಾತು ಬಿಡಿ. ನಾನು ಹೇಳಹೊರಟಿದ್ದು ಒಂದು ಶೆಡ್‌ನಲ್ಲಿ ಒಬ್ಬರೇ ಕೂತು ಗಿಟಾರ್ ಮಾಡುವವರ ಬಗ್ಗೆ. 1930ರ ದಶಕದ ಗಿಟಾರ್‌ಗಳ ನಾದವೇ ಬೇಕು ಅನ್ನುವ ಗಿರಾಕಿಗಳು ಪ್ರಪಂಚದಲ್ಲಿದ್ದಾರೆ. ಅವರಿಗಾಗಿ ಆ ಕಾಲದ ಅಳತೆ, ಆ ಕಾಲದ ರೀತಿ ಹಿಡಿದು ಕೈಯಿಂದಲೇ ಮಾಡಿಕೊಡುವ ಕುಶಲಕರ್ಮಿಗಳೂ ಇದ್ದಾರೆ. ಅವರ ಒಂದೊಂದು ಗಿಟಾರ್ ಲಕ್ಷಗಳಲ್ಲಿ ಮಾರಾಟವಾಗುತ್ತದೆ. ಆ ಬೆಲೆಯಲ್ಲಿ ಮರದ ಪಾಲು ಸಣ್ಣದು. ಉಳಿದದ್ದೆಲ್ಲ ಕೈಗೆ, ಕಣ್ಣಿಗೆ, ತಾಳ್ಮೆಗೆ ಸಲ್ಲುವ ದುಡ್ಡು.

ಆ ಕೆಲಸ ಏನು ಅಂತ ನೋಡಿ. ಬೀಟೆ ಹಲಗೆಯನ್ನು ಎರಡು, ಎರಡೂವರೆ ಮಿಲಿಮೀಟರ್‌ಗೆ ತೆಳ್ಳಗೆ ಮಾಡಬೇಕು. ನೀರು ಹಚ್ಚಿ, ಬಿಸಿ ಕೊಳವೆಗೆ ಒತ್ತಿ ಒಡೆಯದ ಹಾಗೆ ಬಗ್ಗಿಸಬೇಕು. ಮುಂಭಾಗಕ್ಕೆ ಸ್ಪ್ರೂಸ್ ಅನ್ನುವ ಹಗುರ ಮರ. ಅದರ ಒಳಗೆ ಇಂಗ್ಲಿಷ್‌ನ ಎಕ್ಸ್ ಅಕ್ಷರದ ಹಾಗೆ ಪಟ್ಟಿ ಅಂಟಿಸಿ, ಬೆರಳಲ್ಲಿ ತಟ್ಟಿ ನಾದ ಕೇಳುತ್ತಾ ಉಳಿಯಿಂದ ಕೆತ್ತಬೇಕು. ಉಕ್ಕಿನ ಆರು ತಂತಿ ಬಿಗಿದಾಗ ಸುಮಾರು 70-80 ಕಿಲೋ ಎಳೆತ ಬೀಳುತ್ತದೆ. ಪಟ್ಟಿ ದಪ್ಪವಾದರೆ ಗಿಟಾರ್ ಮೂಕ, ತೆಳುವಾದರೆ ಹೊಟ್ಟೆ ಉಬ್ಬಿ ಹಾಳು.

ಇದರಲ್ಲಿ ನಮ್ಮ ಆಚಾರಿಗಳ ಕೈಗೆ ಒಗ್ಗದ ಕೆಲಸ ಯಾವುದು, ನೀವೇ ಹೇಳಿ. ಬೀಟೆ ಮರದಲ್ಲಿ ತೆಳು ತುಣುಕು ಕೂಡಿಸಿ ಚಿತ್ರ ಮಾಡುವ ಮೈಸೂರಿನ ಇನ್‌ಲೇ ಕೆಲಸಕ್ಕೆ ಜಿಐ ಮಾನ್ಯತೆಯೇ ಇದೆ. ದುಬಾರಿ ಗಿಟಾರ್‌ನ ಅಂಚಿಗೆ ಕೂರಿಸುವ ಚಿಪ್ಪಿನ ಕೆಲಸ ಅದರ ತಮ್ಮ. ಸಾಗರ, ಸೊರಬದ ಗುಡಿಗಾರರ ಉಳಿಯ ಮುಂದೆ ನಿಲ್ಲುವ ಉಳಿ ಎಷ್ಟಿವೆ? ಅದೇ ಮನೆಗಳ ಹುಡುಗರು ಇವತ್ತು ಬೆಂಗಳೂರಲ್ಲಿ ಪ್ಲೈವುಡ್ ಕೊಯ್ದು ಮಾಡ್ಯುಲರ್ ಕಿಚನ್ ಕೂರಿಸುತ್ತಿದ್ದಾರೆ.

‘ಇದೆಲ್ಲ ಪಟ್ಟಣದವರ ಕೆಲಸ, ಹಳ್ಳೀಲಿ ಆಗುತ್ತಾ?’ ಅನ್ನುವವರಿಗೆ ಒಂದು ಉದಾಹರಣೆ. ವೇಯ್ನ್ ಹೆಂಡರ್ಸನ್ ಅಮೆರಿಕದ ವರ್ಜೀನಿಯಾ ರಾಜ್ಯದ ರಗ್ಬಿ ಎಂಬ ಗುಡ್ಡಗಾಡಿನ ಪುಟ್ಟ ಊರಿನವರು. ಹುಟ್ಟಿದ್ದು 1947ರಲ್ಲಿ. ಕೆಲಸ ಹಳ್ಳಿ ಅಂಚೆಯಣ್ಣನದು. ಹುಡುಗನಾಗಿದ್ದಾಗ ಮನೆಯ ಬೀರುವಿನ ಡ್ರಾಯರ್ ತಳದ ಹಲಗೆ ಕಿತ್ತು ಗಿಟಾರ್ ಮಾಡಿದರು, ಅದು ಅಂಟು ಬಿಟ್ಟು ಬಿಚ್ಚಿಕೊಂಡಿತು. ಅಪ್ಪ ಬೈಯುತ್ತಾ ಕೂರಲಿಲ್ಲ. ಹತ್ತಿರದಲ್ಲೇ ಪಿಟೀಲು ಮಾಡುತ್ತಿದ್ದ ಆಲ್ಬರ್ಟ್ ಹ್ಯಾಶ್ ಬಳಿಗೆ ಮಗನನ್ನು ಕರೆದುಕೊಂಡು ಹೋದರು. ಆ ಹಿರಿಯರು ಹೇಳಿಕೊಟ್ಟರು, ಮರವನ್ನೂ ಕೊಟ್ಟರು. ಮುಂದೆ ಇದೇ ಹೆಂಡರ್ಸನ್ ಕೈಯಲ್ಲಿ ಎರಿಕ್ ಕ್ಲಾಪ್ಟನ್ ಎಂಬ ಜಗತ್ಪ್ರಸಿದ್ಧ ಗಿಟಾರ್ ವಾದಕನ ಗಿಟಾರ್ ತಯಾರಾಯಿತು. 1995ರಲ್ಲಿ ಅಮೆರಿಕ ಸರ್ಕಾರದ ಸಂಸ್ಥೆ ಅವರಿಗೆ ರಾಷ್ಟ್ರೀಯ ಗೌರವ ಕೊಟ್ಟಿತು.

ಈ ಕಥೆ ಓದಿ ‘ಪ್ರತಿಭೆ ಇದ್ದರೆ ಸಾಕು’ ಅಂತ ವಾಟ್ಸಾಪ್ ಸ್ಟೇಟಸ್ ಹಾಕಬೇಡಿ. ಹೆಂಡರ್ಸನ್‌ಗೆ ಪ್ರತಿಭೆಯ ಜೊತೆ ಇನ್ನೂ ಮೂರು ಸಿಕ್ಕಿದ್ದವು. ಪಕ್ಕದಲ್ಲೇ ಗುರು, ಕೈಗೆಟುಕುವ ಸ್ವಲ್ಪ ಮರ, ಅಂಚೆ ಕೆಲಸದ ಸಂಬಳ. ಕೈಯಿಂದ ಮಾಡುವ ಗಿಟಾರ್ ನಿಧಾನದ ಕಸುಬು. ಮೊದಲ ನಾಲ್ಕೈದು ಗಿಟಾರ್ ಯಾರೂ ಕೊಳ್ಳಲಿಕ್ಕಿಲ್ಲ. ಅಲ್ಲಿಯವರೆಗೆ ಒಲೆ ಉರಿಯಬೇಕಲ್ಲ?

ನಮ್ಮಲ್ಲಿ ಈ ಮೂರರ ಸ್ಥಿತಿ ಏನು?

ಮರ: ಬೀಟೆ ನಮ್ಮ ತೋಟದಲ್ಲೇ ನಿಂತಿದ್ದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಪಾಸ್ ಇಲ್ಲದೆ ಸಾಗಿಸುವಂತಿಲ್ಲ. ಸರ್ಕಾರಿ ಡಿಪೋಗಳಲ್ಲಿ ಹರಾಜು ನಡೆಯುವುದು ದಿಮ್ಮಿಯ ಲೆಕ್ಕದಲ್ಲಿ, ಲಾಟಿನ ಲೆಕ್ಕದಲ್ಲಿ. ಒಂದು ಗಿಟಾರ್‌ಗೆ ಬೇಕಾದದ್ದು ಕೆಲವೇ ಕಿಲೋ ಬೀಟೆ. ನಾಲ್ಕು ಹಲಗೆ ಬೇಕಾದ ಬಡಗಿ ಇಡೀ ಲಾಟು ಕೂಗಲು ದುಡ್ಡು ಎಲ್ಲಿಂದ ತರಬೇಕು?

ಗುರು ಮತ್ತು ಕೂಳು: ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅದರಲ್ಲಿ 18 ಕಸುಬುಗಳ ಪಟ್ಟಿ ಇದೆ. ಬಡಗಿ ಇದ್ದಾನೆ, ಗೊಂಬೆ ಮಾಡುವವನಿದ್ದಾನೆ, ವಾದ್ಯ ಮಾಡುವವನಿಗೆ ಪ್ರತ್ಯೇಕ ಜಾಗ ಇಲ್ಲ. ಮೂಲ ತರಬೇತಿ 5ರಿಂದ 7 ದಿನ, ಮುಂದುವರಿದ ತರಬೇತಿ 15 ದಿನ ಅಥವಾ ಹೆಚ್ಚು. ದಿನಕ್ಕೆ 500 ರೂಪಾಯಿ ಭತ್ಯೆ. ಕೊಟ್ಟದ್ದನ್ನು ಬೇಡ ಅನ್ನುವುದಿಲ್ಲ. ಆದರೆ ವಾರದಲ್ಲಿ ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಳ್ಳಬಹುದು, ಗಿಟಾರ್ ಕಲಿಯಲಾಗದು. ಈ ಕಸುಬಿಗೆ ವರ್ಷಗಳು ಬೇಕು.

‘ಹಾಗಾದರೆ ಕಾಡು ಕಡಿಯಿರಿ ಅಂತೀರಾ?’ ಅಂತ ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಬೀಟೆ ಅಳಿವಿನ ಅಪಾಯದಲ್ಲಿರುವ ಮರ. 2017ರಿಂದ ಅದು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲೂ ಇದೆ. ಅದಕ್ಕೇ ಇರುವ ಮರದಿಂದ ಹೆಚ್ಚು ಬದುಕು ಕಟ್ಟಬೇಕು ಅನ್ನುವುದು ನನ್ನ ವಾದ. ಒಂದು ಡಬಲ್ ಕಾಟ್ ಮಂಚದ ಮರದಲ್ಲಿ ಎಷ್ಟು ಗಿಟಾರ್ ಆಗಬಹುದು, ಲೆಕ್ಕ ಹಾಕಿ. ಊರೂರಲ್ಲಿ ಹಳೇ ಮನೆ ಕೆಡವಿದಾಗ ಸಿಗುವ ಬೀಟೆ ಬಾಗಿಲು, ತೊಲೆ, ಮುರುಕು ಮಂಚ ಗುಜರಿ ಬೆಲೆಗೆ ಹೋಗುತ್ತಿವೆ. ಹತ್ತಾರು ವರ್ಷ ಒಣಗಿದ ಅಂಥ ಮರ ಹಳೇ ಶೈಲಿಯ ಗಿಟಾರ್ ಮಾಡುವವರಿಗೆ ಬಂಗಾರ.

ಇನ್ನೊಂದು ವಿಷಯ ಕೇಳಿ. ಸೈಟಿಸ್ 2019ರಲ್ಲಿ ನಿಯಮ ತಿದ್ದಿತು. ಬೀಟೆಯಿಂದ ತಯಾರಾದ ಪೂರ್ತಿ ವಾದ್ಯಕ್ಕೆ ಆ ಒಪ್ಪಂದದ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. ಹಲಗೆ ಲೋಡುಗಟ್ಟಲೆ ಕಳಿಸುವವನಿಗೆ ನಿಯಮ ಬಿಗಿ, ವಾದ್ಯ ಮಾಡಿ ಕಳಿಸುವವನಿಗೆ ಸಡಿಲ. ಜಗತ್ತಿನ ಕಾನೂನೇ ‘ಹಲಗೆ ಮಾರಬೇಡ, ವಾದ್ಯ ಮಾಡು’ ಅನ್ನುತ್ತಿರುವಾಗ ನಮಗೆ ಕಿವಿ ಕೇಳುತ್ತಿಲ್ಲ.

‘ಗಿಟಾರ್ ನಮ್ಮ ವಾದ್ಯವಲ್ಲ’ ಅಂತ ಕೆಲವರು ಮೂಗು ಮುರಿಯುತ್ತಾರೆ. ಪಿಟೀಲು ಎಲ್ಲಿಂದ ಬಂತು ಸ್ವಾಮಿ? ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದವರು ನಮ್ಮ ಮೈಸೂರು ಚೌಡಯ್ಯ. ಭಜನೆ ಮನೆಯ ಹಾರ್ಮೋನಿಯಂ ಎಲ್ಲಿಯದು? ಸ್ಪ್ರೂಸ್ ಇಲ್ಲಿ ಬೆಳೆಯದು, ನಿಜ. ಅವರು ನಮ್ಮಿಂದ ಬೀಟೆ ತರಿಸಿಕೊಳ್ಳಬಹುದಾದರೆ ನಾವು ಸ್ಪ್ರೂಸ್ ತರಿಸಿಕೊಳ್ಳಲು ಏನು ಅಡ್ಡಿ? ಮಲೆನಾಡಿನ ಮಳೆಗಾಲದ ತೇವ ಈ ಕೆಲಸಕ್ಕೆ ಶತ್ರು, ಅದೂ ನಿಜ. ಒಂದು ಕೋಣೆಯನ್ನು ಬಿಗಿಯಾಗಿ ಮುಚ್ಚಿ, ತೇವ ಹೀರುವ ಯಂತ್ರ ಇಟ್ಟು, ತೇವಾಂಶವನ್ನು ಶೇ 45-50ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಆಯಿತು. ಅಡಿಕೆ ಒಣಗಿಸಲು ಡ್ರೈಯರ್ ಹಾಕಿಸಿದವರು ನಾವು, ಇದು ದೊಡ್ಡ ಮಾತಲ್ಲ.

ಕೇಳಬೇಕಾದ್ದು ಇಷ್ಟೇ. ಅರಣ್ಯ ಇಲಾಖೆ ಡಿಪೋಗಳಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ ಬೀಟೆಯ ಸಣ್ಣ ಹಲಗೆಗಳನ್ನು ನಿಗದಿತ ಬೆಲೆಗೆ, ಸರಿಯಾದ ಕಾಗದಪತ್ರ ಸಮೇತ ಕೊಡಲಿ. ಹಳೇ ಮನೆಯ ಬೀಟೆಗೆ ಪಂಚಾಯಿತಿ ಮಟ್ಟದಲ್ಲೇ ದಾಖಲೆ ಸಿಗಲಿ. ವಾದ್ಯ ತಯಾರಿಕೆಯನ್ನು ಕಸುಬು ಅಂತ ಪಟ್ಟಿಗೆ ಸೇರಿಸಿ, ಬಲ್ಲವರ ಕೈಕೆಳಗೆ ಎರಡು ವರ್ಷ ಕಲಿಯುವ ಹುಡುಗ ಹುಡುಗಿಯರಿಗೆ ತಿಂಗಳ ಭತ್ಯೆ ಕೊಡಲಿ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತಿ. ನಿಮ್ಮೂರಲ್ಲಿ ಉಳಿ ಹಿಡಿಯಬಲ್ಲ ಹುಡುಗನೊಬ್ಬ ಇನ್ನೂ ಇದ್ದರೆ, ಅವನು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಎತ್ತಿ.