ಗೋವಾದವರಿಗೆ ಬೇಡವಾದ ಮೇಜಿಗೆ ದುರ್ಗದವರು

ಹಿರಿಯೂರಿನಿಂದಲೋ ಚಿತ್ರದುರ್ಗದಿಂದಲೋ ಇಬ್ಬರು ಗೆಳೆಯರು ಬೆಳಿಗ್ಗೆ ಕಾರು ಹತ್ತಿದರೆ, 48ನೇ ಹೆದ್ದಾರಿಯಲ್ಲಿ ದಾವಣಗೆರೆ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಸಂಜೆಯೊಳಗೆ ಪಣಜಿ ಮುಟ್ಟುತ್ತಾರೆ. ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗುಗಳು ಝಗಮಗಿಸುತ್ತಿರುತ್ತವೆ. ಜೆಟ್ಟಿಯಿಂದ ಸಣ್ಣ ದೋಣಿಯೊಂದು ಅವರನ್ನು ಅಲ್ಲಿಗೆ ಬಿಡುತ್ತದೆ. ಪ್ರವೇಶಕ್ಕೆ ಕೊಟ್ಟ ದುಡ್ಡಿನಲ್ಲೇ ಊಟ, ಕುಡಿತ, ಹಾಡು–ಕುಣಿತ, ಜೊತೆಗೆ ಒಂದಿಷ್ಟು ಚಿಪ್. ಈ ಚಿಪ್ಪನ್ನು ಆಡಿಯೇ ಮುಗಿಸಬೇಕು. ಕೌಂಟರಿಗೆ ಕೊಟ್ಟು ನಗದು ಮಾಡಿಕೊಳ್ಳುವಂತಿಲ್ಲ. ಆಡುವ ಮನಸ್ಸಿಲ್ಲದೆ ಬಂದವನನ್ನೂ ಮೇಜಿನ ಮುಂದೆ ಕೂರಿಸುವುದು ಈ ಪುಕ್ಕಟೆ ಬಿಲ್ಲೆ.

ಅದೇ ಮೇಜಿನ ಮುಂದೆ ಗೋವಾದವರು ಕೂರುವಂತಿಲ್ಲ.

ಗೋವಾದ ಜೂಜು ಕಾಯ್ದೆ 1976ರದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ದಾರಿ ಮಾಡಿತು, 1996ರದು ಹಡಗುಗಳಿಗೆ. 2020ರ ಫೆಬ್ರುವರಿಯಿಂದ ಮಾತ್ರ ಸರ್ಕಾರ ತನ್ನ ಜನರಿಗೆ ಕ್ಯಾಸಿನೊ ಆಟದ ಕೋಣೆಯ ಬಾಗಿಲು ಮುಚ್ಚಿಬಿಟ್ಟಿತು. ನೇಪಾಳವೂ ತನ್ನ ನಾಗರಿಕರನ್ನು ಕ್ಯಾಸಿನೊದಿಂದ ಹೊರಗಿಟ್ಟಿದೆ. ಮನೆಮಕ್ಕಳಿಗೆ ಬೇಡವೆಂದು ಅವರೇ ತೀರ್ಮಾನಿಸಿದ್ದು ನೆರೆಯವರ ಪಾಲಿಗೆ ‘ಪ್ರವಾಸೋದ್ಯಮ’ ಆಗಿದೆ. ಈ ಭೇದವನ್ನು ಕರ್ನಾಟಕ ಸುಮ್ಮನೆ ಒಪ್ಪಿಕೊಂಡು ಕೂರಬಾರದು.

ಆಟದ ಲೆಕ್ಕ ಕಷ್ಟದ್ದೇನಲ್ಲ. ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆಗಳಿವೆ. ಒಂದು ಸಂಖ್ಯೆಯ ಮೇಲೆ 100 ರೂಪಾಯಿ ಕಟ್ಟಿ ಗೆದ್ದರೆ ಅಸಲೂ ಸೇರಿ ಕೈಗೆ 3,600 ಬರುತ್ತದೆ. ಆದರೆ ಮೂವತ್ತೇಳು ಮನೆಗೂ ನೂರು ನೂರು ಕಟ್ಟಿದವನ ಜೇಬಿನಿಂದ ಹೋಗುವುದು 3,700. ನಡುವಿನ ಆ ನೂರು ಕ್ಯಾಸಿನೊದವನದು. ಎರಡು ಸೊನ್ನೆಗಳ ಚಕ್ರವಾದರೆ ಅವನ ಪಾಲು ಹೆಚ್ಚುಕಡಿಮೆ ದುಪ್ಪಟ್ಟು. ಒಂದು ರಾತ್ರಿ ಅದೃಷ್ಟ ಕೈ ಹಿಡಿಯಬಹುದು, ನಿಜ. ರಾತ್ರಿಗಳು ಹೆಚ್ಚಿದಂತೆಲ್ಲ ಚಕ್ರದ್ದೇ ಮೇಲುಗೈ. ಇದರ ಮೇಲೆ ತೆರಿಗೆ ಬೇರೆ: ಶೇ 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ.

ಒಬ್ಬನೇ ಹೋದವನು ಜೇಬು ಖಾಲಿಯಾದಾಗ ಎದ್ದು ಬಂದಾನು. ಜೊತೆಗೆ ಗೆಳೆಯನಿದ್ದರೆ ಎದ್ದು ಬರುವುದು ಕಷ್ಟ. ‘ಇನ್ನೊಂದು ಕೈ ಆಡು, ನಾನು ಹಾಕ್ತೀನಿ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ಫೋನ್‌ಪೇಯಲ್ಲಿ ದುಡ್ಡೂ ಆ ಕ್ಷಣವೇ ಬರುತ್ತದೆ. ಆ ದುಡ್ಡಿಗೆ ಕಾಗದವಿಲ್ಲ, ವಾಯಿದೆಯಿಲ್ಲ. ಊರಿಗೆ ಮರಳಿದ ಮೇಲೆ ಅದನ್ನು ತೀರಿಸಲು ಅಡಿಕೆ ಮಾರಿದ ಹಣಕ್ಕೋ ಹೆಂಡತಿಯ ಒಡವೆಗೋ ಕೈ ಹಾಕಬೇಕಾಗುತ್ತದೆ. ಬಡ್ಡಿಯವರು ಮನೆ ಬಾಗಿಲಿಗೆ ಬರುವುದು ಆಮೇಲೆ.

ಆ ಹೊತ್ತು ಹೇಗಿರುತ್ತದೆಂದು ಚಿತ್ರದುರ್ಗ ಜಿಲ್ಲೆ ಕಂಡಿದೆ. ಕ್ರಿಕೆಟ್ ಬೆಟ್ಟಿಂಗ್‌ಗೆ ಗಂಡ ಮಾಡಿದ ಸಾಲ, ಸಾಲ ಕೊಟ್ಟವರ ಕಿರುಕುಳ — ಇವುಗಳಿಂದ ನೊಂದು 2024ರ ಮಾರ್ಚ್‌ನಲ್ಲಿ ಹೊಳಲ್ಕೆರೆಯ ಗೃಹಿಣಿಯೊಬ್ಬರು ಪ್ರಾಣ ಕಳೆದುಕೊಂಡ ಪ್ರಕರಣ ಪೊಲೀಸ್ ಠಾಣೆ ಸೇರಿತು. ಪಣ ಕಟ್ಟಿದ್ದು ಆಕೆಯಲ್ಲ.

ಮರುವರ್ಷ ಜಿಲ್ಲೆಯ ಹೆಸರು ಇನ್ನೊಂದು ಕಾರಣಕ್ಕೆ ದೇಶದ ಸುದ್ದಿಯಾಯಿತು. ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು 2025ರ ಆಗಸ್ಟ್ 23ರಂದು ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು. ಅವರು ಅಲ್ಲಿಗೆ ಹೋಗಿದ್ದು ಕ್ಯಾಸಿನೊಗಾಗಿ ಜಾಗ ಗುತ್ತಿಗೆ ಪಡೆಯಲು ಎಂದು ನಿರ್ದೇಶನಾಲಯ ಹೇಳಿತು; ಶೋಧಿಸಿದ ಜಾಗಗಳ ಪಟ್ಟಿಯಲ್ಲಿ ಗೋವಾದ ಐದು ಕ್ಯಾಸಿನೊಗಳೂ ಇದ್ದವು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯವೇ ಹೇಳಬೇಕು. ಬಂಧನದ ಹಿಂದಿನ ದಿನವಷ್ಟೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಆ ಕಾಯ್ದೆ ಮೊಬೈಲಿನ ಆಟವನ್ನು ತಡೆಯುತ್ತದೆ, ಮಾಂಡೋವಿಯ ಹಡಗನ್ನಲ್ಲ. ಜೂಜು ಆಯಾ ರಾಜ್ಯದ ವಿಷಯ. ಜೂಜು ತಡೆಯುವ ಕರ್ನಾಟಕದ ಪೊಲೀಸ್ ಕಾಯ್ದೆಯ ಅಧಿಕಾರ ಗಡಿಯಲ್ಲೇ ನಿಲ್ಲುತ್ತದೆ.

ಸಿಂಗಪುರವೂ ಕ್ಯಾಸಿನೊ ನಡೆಸುತ್ತದೆ. ಆದರೆ ಅಲ್ಲಿನ ನಾಗರಿಕನೊಬ್ಬ ಒಳಗೆ ಕಾಲಿಡಬೇಕಾದರೆ ದಿನವೊಂದಕ್ಕೆ 150 ಸಿಂಗಪುರ ಡಾಲರ್ ತೆರಬೇಕು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಜೂಜಿನಿಂದ ಸಂಸಾರ ಹಾಳಾಗುತ್ತಿದ್ದರೆ ಹೆಂಡತಿಯೋ ತಂದೆತಾಯಿಯೋ ಅರ್ಜಿ ಹಾಕಿ ಆತನ ಪ್ರವೇಶವನ್ನೇ ತಡೆಸಬಹುದು. ಕರ್ನಾಟಕ ಸರ್ಕಾರ ಗೋವಾವನ್ನು ಕೇಳಬೇಕಾದದ್ದು ಇಂಥದ್ದೊಂದು ವ್ಯವಸ್ಥೆಯನ್ನು. ಹೊಸದುರ್ಗದ ತಾಯಿಯೊಬ್ಬಳು ತಾಲ್ಲೂಕು ಕಚೇರಿಯಲ್ಲಿ ಕೊಟ್ಟ ಅರ್ಜಿ ಪಣಜಿಯ ಜೆಟ್ಟಿಯಲ್ಲಿ ಮಗನನ್ನು ತಡೆಯುವಂತಿರಬೇಕು. ಗೋವಾದವರು ಯಾರೆಂದು ಗುರುತಿನ ಚೀಟಿ ನೋಡಿ ವಾಪಸು ಕಳಿಸಲು ಆಗುವುದಾದರೆ, ಆ ಮಗನ ಹೆಸರನ್ನು ಪಟ್ಟಿಯಲ್ಲಿ ಹುಡುಕುವುದೂ ಆಗುತ್ತದೆ.