ಬಾಳೆದಿಂಡನ್ನು ಶುದ್ಧಿಮಾಡಿ ಹೆಚ್ಚುವ ಕ್ರಮ

ನಿಸ್ಸಾರವಾದ ವಸ್ತುವಿಗೆ ಕದಳಿಯ ಕಂಬವನ್ನು ಉಪಮಾನವಾಗಿ ಹೇಳುವುದು ಸಂಸ್ಕೃತ ಕವಿಗಳ ರೂಢಿ. ಪಟ್ಟೆಯ ಮೇಲೆ ಪಟ್ಟೆಯನ್ನು ಸುಲಿಯುತ್ತ ಹೋದರೆ ಕೊನೆಗೆ ಏನೂ ಉಳಿಯದು, ಸಂಸಾರವೂ ಹಾಗೆಯೇ ಎಂಬುದು ಅವರ ಅಭಿಪ್ರಾಯ. ಆದರೆ ನಮ್ಮ ಗೃಹಿಣಿಯರು ಅದೇ ಕಂಬದೊಳಗಿನಿಂದ ಬೆಳ್ಳನೆಯ ದಿಂಡನ್ನು ತೆಗೆದು ಕೋಸಂಬರಿ ಮಾಡಿ ಬಡಿಸುತ್ತಾರೆ. ಇವರಲ್ಲಿ ಯಾರ ಮಾತು ನಿಜ?

ಎರಡೂ ನಿಜವೇ. ನಾವು ಕಂಬವೆನ್ನುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡವಲ್ಲದೆ ಕಾಂಡವಲ್ಲ. ನಿಜವಾದ ಕಾಂಡವು ನೆಲದೊಳಗಿನ ಗೆಡ್ಡೆ. ಹೂ ಬಿಡುವ ಕಾಲ ಬಂದಾಗ ಮಾತ್ರ ಅದು ಪಟ್ಟೆಗಳ ನಡುವೆ ಮೇಲಕ್ಕೇರಿ ಗೊನೆಯನ್ನು ಹೊರುತ್ತದೆ. ಅದೇ ದಿಂಡು. ಆದುದರಿಂದ ಗೊನೆ ಬಿಡದ ಎಳೆಯ ಗಿಡವನ್ನು ಕಡಿದರೆ ದಿಂಡು ದೊರೆಯದು. ಗೊನೆ ಕೊಟ್ಟ ಗಿಡವು ಮತ್ತೆ ಫಲಿಸದಾದುದರಿಂದ ಅದನ್ನು ಕಡಿಯುವುದರಲ್ಲಿ ನಷ್ಟವೂ ಇಲ್ಲ.

ಮೊದಲು ಕೈಗೆ ಎಣ್ಣೆ ಸವರಿಕೊಳ್ಳತಕ್ಕದ್ದು. ಬಾಳೆಯ ರಸದ ಕಲೆ ಬಟ್ಟೆಗೆ ಹತ್ತಿದರೆ ಸುಲಭವಾಗಿ ಹೋಗದು. ಬೆರಳಿಗೆ ಬಿಡುವ ಪಟ್ಟೆಗಳನ್ನೆಲ್ಲ ಸುಲಿದು, ಇನ್ನು ಬಿಡದೆಂಬಲ್ಲಿಗೆ ನಿಲ್ಲಿಸಬೇಕು. ಪಕ್ಕದಲ್ಲಿ ಒಂದು ಪಾತ್ರೆ ನೀರುಮಜ್ಜಿಗೆ ಇರಲಿ. ದಿಂಡನ್ನು ತೆಳುವಾದ ಬಿಲ್ಲೆಗಳಾಗಿ ಕೊಯ್ಯುವಾಗ, ಒಂದೊಂದು ಬಿಲ್ಲೆ ಬೇರ್ಪಟ್ಟಂತೆಲ್ಲ ನೂಲಿನಂಥ ನಾರು ಏಳುತ್ತದೆ. ಅದನ್ನು ಎಡಗೈಯ ತೋರುಬೆರಳಿಗೆ ಸುತ್ತಿ ತೆಗೆಯುತ್ತ ಹೋಗಬೇಕು. ಅನಂತರ 4 ಅಥವಾ 5 ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಸಣ್ಣಗೆ ಹೆಚ್ಚಿ, ಒಡನೆಯೇ ಮಜ್ಜಿಗೆಗೆ ಹಾಕಬೇಕು. ಕೊಯ್ದ ದಿಂಡು ಗಾಳಿ ತಗುಲಿ ಕಪ್ಪಾಗುತ್ತದೆ. ಮಜ್ಜಿಗೆಯ ಹುಳಿ ಅದನ್ನು ತಡೆಯುತ್ತದೆ. ಕಡೆಗೆ ಒಂದು ಒರಟು ಕಡ್ಡಿಯಿಂದ ಮಜ್ಜಿಗೆಯನ್ನು ತಿರುವಿದರೆ ಉಳಿದ ನಾರು ಕಡ್ಡಿಗೆ ಸುತ್ತಿಕೊಂಡು ಬರುತ್ತದೆ.

ನಾರು ತೆಗೆಯುವುದಕ್ಕೆ ಬೇಸರಪಡುವವರುಂಟು. ಹಲ್ಲಿಲ್ಲದ ಹಿರಿಯರ ಗಂಟಲಲ್ಲಿ ಒಂದು ಎಳೆ ಸಿಕ್ಕಿಕೊಂಡಾಗ ಅದರ ಬೆಲೆ ತಿಳಿಯುತ್ತದೆ. ಮಕ್ಕಳಾದರೋ, ಒಮ್ಮೆ ಹಾಗಾದರೆ ದಿಂಡಿನ ಹೆಸರನ್ನೇ ಎತ್ತಗೊಡರು.

ಇನ್ನೊಂದು ಮಾತು. ವರ್ಷಕ್ಕೊಮ್ಮೆಯಾದರೂ ದಿಂಡನ್ನು ತಿಂದರೆ ಹೊಟ್ಟೆಗೆ ಹೋದ ಕೂದಲು, ಕಲ್ಲು ಎಲ್ಲವೂ ಕರಗುವುವೆಂದು ಹಿರಿಯರು ಹೇಳುತ್ತಿದ್ದರು. ದಿಂಡು ಮಲಶುದ್ಧಿಗೆ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರನ್ನು ಬಿಟ್ಟು ದಿಂಡಿನ ರಸವನ್ನೇ ನಂಬಿ ಕೂರುವುದು ಅವಿವೇಕ. ನಮ್ಮ ಬಂಧುಗಳೊಬ್ಬರು ಹಾಗೆ ತಿಂಗಳುಗಟ್ಟಲೆ ನೋವನ್ನು ಸಹಿಸಿಕೊಂಡಿದ್ದು, ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದುದನ್ನು ಕಣ್ಣಾರೆ ಕಂಡಿದ್ದೇನೆ. ದಿಂಡಿನಲ್ಲಿ ಪೊಟ್ಯಾಸಿಯಂ ಅಂಶ ಹೇರಳವಾಗಿರುವುದರಿಂದ, ಮೂತ್ರಪಿಂಡಗಳು ದುರ್ಬಲವಾದವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಲೂಬಾರದು.

ಮಿಕ್ಕವರು ಸಂತೋಷದಿಂದ ಉಣ್ಣಲಿ. 1 ಬಟ್ಟಲು ದಿಂಡನ್ನು ಮಜ್ಜಿಗೆಯಿಂದ ಹಿಂಡಿ ತೆಗೆದು, 2 ಚಮಚ ನೆನೆಸಿದ ಹೆಸರುಬೇಳೆ, ತೆಂಗಿನ ತುರಿ, ನಿಂಬೆಯ ರಸ, ಸಾಸಿವೆಯ ಒಗ್ಗರಣೆ ಸೇರಿಸಿ, ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿದರೆ ನೀರೊಡೆಯದು. ಗೊನೆಯನ್ನು ಹೊತ್ತು ಮುಗಿಸಿದ ಗಿಡವು ಎಲೆಯ ಮೇಲೆ ಇನ್ನೊಮ್ಮೆ ಸಾರ್ಥಕವಾಗುತ್ತದೆ.