ಕೆರೆಗೆ ಒಡೆಯರು ಹಲವರು, ಹೊಣೆಗಾರರು ಯಾರು?

2019ರ ಆಗಸ್ಟ್‌ನಲ್ಲಿ ವರದಾ ಮತ್ತು ತುಂಗಭದ್ರಾ ನದಿಗಳು ಉಕ್ಕಿ ಹರಿದು ಹಾವೇರಿ ಜಿಲ್ಲೆಯ ನದಿತೀರದ ಹಳ್ಳಿಗಳಿಗೆ ನುಗ್ಗಿದುವು. ಅದಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮುಂಗಾರು ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರವು ಘೋಷಿಸಬೇಕಾಯಿತು. ನೆರೆ ಬಂದಾಗ ಪರಿಹಾರದ ಚೆಕ್ಕು, ಬರ ಬಂದಾಗ ಟ್ಯಾಂಕರಿನ ಬಿಲ್ಲು. ಇವೆರಡರ ನಡುವಿನ ವರ್ಷಗಳಲ್ಲಿ ನೀರಿನ ಬಗ್ಗೆ ಮಾತಾಡುವವರೇ ಇರುವುದಿಲ್ಲ. ಆದರೆ ನೆರೆಯ ನೀರನ್ನು ಹಿಡಿದಿಡುವ ಮತ್ತು ಬರದ ದಿನಗಳಿಗೆ ಉಳಿಸಿಕೊಡುವ ಕೆಲಸ ನಡೆಯಬೇಕಾದದ್ದು ಆ ನಡುವಿನ ವರ್ಷಗಳಲ್ಲಿಯೇ.

ಸವಣೂರು ತಾಲೂಕಿನ ಹತ್ತಿಮತ್ತೂರಿನಂಥ ಊರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ. ರಾಷ್ಟ್ರಕೂಟರ ಕಾಲದ ಶಾಸನವುಳ್ಳ ಪ್ರಾಚೀನ ಊರಿದು. ಮಳೆಯನ್ನೇ ನಂಬಿದ ಬಯಲುಸೀಮೆಯ ಅಂಚಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಊರುಗಳು ಬಾಳಿ ಬಂದುದು ಕೇವಲ ನದಿಯ ಕೃಪೆಯಿಂದಲ್ಲ. ಓಡುವ ನೀರನ್ನು ನಿಲ್ಲಿಸುವ ವಿದ್ಯೆ ಈ ನೆಲದ ಜನರಿಗೆ ತಿಳಿದಿತ್ತು. ಹಾನಗಲ್ ತಾಲೂಕಿನಲ್ಲಿ ಧರ್ಮಾ ನದಿಗೆ ಒಡ್ಡು ಕಟ್ಟಿ, ಕಾಲುವೆಯ ಮೂಲಕ ಸಾಲು ಸಾಲು ಕೆರೆಗಳಿಗೆ ನೀರುಣಿಸಿದರು. ಕುಮುದ್ವತಿಗೆ ಅಡ್ಡಲಾಗಿ ಮದಗ ಮಾಸೂರಿನ ಕೆರೆ ಎದ್ದು ನಿಂತಿತು. ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿಯ ಕೆರೆಯೊಂದಿದೆ. ಸವಣೂರಿನ ನವಾಬರ ಕಾಲವನ್ನು ಇಂದಿಗೂ ನೆನಪಿಸುವ ಕುರುಹುಗಳಲ್ಲಿ ಮೋತಿ ತಲಾಬ್ ಒಂದು. ನಾಡಿಗೆಲ್ಲ ಹೆಸರಾದ ಸವಣೂರಿನ ವೀಳ್ಯದೆಲೆಯ ತೋಟಗಳೂ ನೀರಿನ ಆಸರೆಯಿಲ್ಲದೆ ಹಬ್ಬಿದವಲ್ಲ.

ಹಾಗೆಂದು ಹಿಂದಿನದೆಲ್ಲವೂ ಚಿನ್ನವಾಗಿತ್ತೆಂದು ಹೇಳಲು ನಾವು ಸಿದ್ಧರಿಲ್ಲ. ಕೆರೆಯನ್ನು ಅಗೆದ ಕೈಗಳಿಗೇ ಅದರ ನೀರನ್ನು ನಿರಾಕರಿಸಿದ ಸಮಾಜ ನಮ್ಮದು. ಸಾರ್ವಜನಿಕ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ಆದ್ದರಿಂದ ನಾವು ಹಿಂದಿನಿಂದ ಪಡೆಯಬೇಕಾದದ್ದು ಹಳೆಯ ಯಜಮಾನಿಕೆಯನ್ನಲ್ಲ, ಹಳೆಯ ಹೊಣೆಗಾರಿಕೆಯನ್ನು ಮಾತ್ರ. ತೂಬು ಯಾವಾಗ ತೆರೆಯಬೇಕು, ಹೂಳನ್ನು ಯಾರು ತೆಗೆಯಬೇಕು, ಕೋಡಿಯನ್ನು ಯಾರು ಕಾಯಬೇಕು ಎಂಬುದಕ್ಕೆ ಊರಿನಲ್ಲಿ ಕಟ್ಟಳೆಯಿತ್ತು. ನೀರುಗಂಟಿ ಎಂಬ ಉತ್ತರದಾಯಿ ವ್ಯಕ್ತಿಯಿದ್ದ. ಕೆರೆ ಒಡೆದರೆ ಯಾರನ್ನು ಕೇಳಬೇಕೆಂಬುದು ಊರಿಗೆ ಗೊತ್ತಿತ್ತು.

ಇಂದು ಅದು ಗೊತ್ತಿಲ್ಲ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿರುವ ಕೆರೆ ಪಂಚಾಯತ್‌ರಾಜ್ ವ್ಯವಸ್ಥೆಗೆ ಸೇರಿದರೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಕೆರೆಯಂಗಳದ ಗಡಿ ಮತ್ತು ಒತ್ತುವರಿಯ ವಿಷಯ ಕಂದಾಯ ಇಲಾಖೆಗೆ. ಮೀನಿನ ವಿಚಾರ ಮೀನುಗಾರಿಕೆ ಇಲಾಖೆಗೆ. ಇವೆಲ್ಲದರ ಮೇಲೆ 2014ರ ಅಧಿನಿಯಮದ ಪ್ರಕಾರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ. ಹೂಳು ತುಂಬಿದ ಕೆರೆಯ ಅಹವಾಲನ್ನು ಹಿಡಿದು ಹೊರಟ ರೈತ ಎಷ್ಟು ಬಾಗಿಲುಗಳನ್ನು ತಟ್ಟಬೇಕು? ಅಧಿಕಾರ ಎಲ್ಲರಿಗೂ ಇದೆ, ಉತ್ತರಿಸುವ ಹೊಣೆ ಮಾತ್ರ ಯಾರಿಗೂ ಇಲ್ಲ. ಒತ್ತುವರಿದಾರನ ಬಲ ಅಡಗಿರುವುದು ಈ ಗೊಂದಲದಲ್ಲಿಯೇ. ರಾಣೆಬೆನ್ನೂರಿನವರಾದ ಕೆ.ಬಿ. ಕೋಳಿವಾಡರ ನೇತೃತ್ವದ ಸದನ ಸಮಿತಿಯು ಬೆಂಗಳೂರಿನ ಕೆರೆಗಳ ಒತ್ತುವರಿಯ ಕುರಿತು 2017ರಲ್ಲಿ ವರದಿ ನೀಡಿತು. ರಾಜಧಾನಿಯ ಕೆರೆಗಳಿಗೇ ಸದನ ಸಮಿತಿ ಬೇಕಾಯಿತೆಂದರೆ ಹಳ್ಳಿಯ ಕೆರೆಯ ಗತಿ ಏನು?

ಇದಕ್ಕೆ ಮದ್ದು ತಿಳಿಯದೆ ಉಳಿದಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷ ನಡೆದ ಯೋಜನೆಯೊಂದು, ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಹಾವೇರಿಯೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಕೆರೆಗಳ ಪುನಶ್ಚೇತನಕ್ಕೆ ಕೈ ಹಾಕಿತು. ಕೆರೆಯನ್ನು ಬಳಸುವವರದೇ ಸಂಘ ಕಟ್ಟಿ, ನಿರ್ವಹಣೆಯನ್ನು ಅವರಿಗೆ ಒಪ್ಪಿಸಬೇಕೆಂಬುದು ಅದರ ತಿರುಳಾಗಿತ್ತು. ಸಮುದಾಯದ ಸೊತ್ತನ್ನು ಬಳಕೆದಾರರೇ ನಿಯಮ ರೂಪಿಸಿಕೊಂಡು ಕಾಪಾಡಬಲ್ಲರು ಎಂಬುದನ್ನು ತೋರಿಸಿದ ಎಲಿನಾರ್ ಆಸ್ಟ್ರಮ್‌ರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದುದನ್ನೂ ಇಲ್ಲಿ ಸ್ಮರಿಸಬಹುದು. ಆದರೆ ಯೋಜನೆಗೆ ಕೊನೆಯ ದಿನಾಂಕವಿರುತ್ತದೆ, ಕೆರೆಗೆ ಇರುವುದಿಲ್ಲ. ಅನುದಾನದ ಬಲದಿಂದ ಹುಟ್ಟಿದ ಸಂಘಕ್ಕೆ ಅನುದಾನ ನಿಂತ ಬಳಿಕವೂ ಬದುಕುವಷ್ಟು ಆದಾಯ ಮತ್ತು ಅಧಿಕಾರ ಬೇಕು. ಮೀನಿನ ಹರಾಜಿನ ಹಣ ಒಬ್ಬರಿಗೆ, ಏರಿಯ ದುರಸ್ತಿಯ ಹೊಣೆ ಇನ್ನೊಬ್ಬರಿಗೆ ಎಂದಾದರೆ ಯಾವ ಸಂಘವೂ ಉಳಿಯದು.

ಇನ್ನು ರಾಜಕೀಯದ ಮಾತು. ಶಿಗ್ಗಾಂವಿ–ಸವಣೂರು ಪ್ರದೇಶಕ್ಕೆ ಪ್ರಭಾವದ ಕೊರತೆಯಿತ್ತೆಂದು ಯಾರೂ ಹೇಳಲಾರರು. 2008ರಿಂದ ಶಿಗ್ಗಾಂವಿ ಕ್ಷೇತ್ರವನ್ನು ಪ್ರತಿನಿಧಿಸಿದ ಬಸವರಾಜ ಬೊಮ್ಮಾಯಿಯವರು ಜಲಸಂಪನ್ಮೂಲ ಸಚಿವರೂ ಆಗಿದ್ದರು, 2021ರಿಂದ 2023ರ ತನಕ ಮುಖ್ಯಮಂತ್ರಿಯೂ ಆಗಿದ್ದರು. ಏತ ನೀರಾವರಿ ಯೋಜನೆಗಳು ಬಂದುವು. ಹಾನಗಲ್ ತಾಲೂಕಿನಲ್ಲಿಯೂ ಬಾಳಂಬೀಡ, ಹಿರೇಕಾಂಸಿಯಂಥ ಕೆರೆ ತುಂಬಿಸುವ ಯೋಜನೆಗಳು ರೂಪುಗೊಂಡುವು. ಇವುಗಳಿಂದ ರೈತರಿಗೆ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪೈಪಿನಲ್ಲಿ ಬಂದ ನೀರು ನಿಲ್ಲಬೇಕಾದುದು ಅದೇ ಹೂಳು ತುಂಬಿದ ಕೆರೆಯಲ್ಲಿ. ಆ ನೀರು ಬೇಸಗೆಯಲ್ಲಿ ಸೊರಗುವ ಅದೇ ನದಿಯಿಂದ ಬರಬೇಕು. ಅದನ್ನು ಹಂಚುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಕಾಮಗಾರಿಗೆ ಗುತ್ತಿಗೆದಾರನಿದ್ದಾನೆ, ಉದ್ಘಾಟನೆಗೆ ಫಲಕವಿದೆ. ನಿರ್ವಹಣೆಗೆ ಇವೆರಡೂ ಇಲ್ಲದಿರುವುದರಿಂದಲೇ ಅದು ರಾಜಕಾರಣಿಗಳನ್ನು ಸೆಳೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ಇದೇ ಕ್ಷೇತ್ರದಲ್ಲಿ ಉಪಚುನಾವಣೆ ನಡೆದಾಗ ವಕ್ಫ್ ಜಮೀನಿನ ವಿವಾದವು ಪ್ರಚಾರದಲ್ಲಿ ಮಾರ್ದನಿಸಿತು. ನೆರೆಹೊರೆಯವರು ಪರಸ್ಪರ ಸಂದೇಹದಿಂದ ನೋಡುವಂತಾಯಿತು. ಅದರ ಹಿಂದಿನ ವರ್ಷವಷ್ಟೇ ಬರವನ್ನು ಒಟ್ಟಿಗೆ ಉಂಡ ಜನರು ನೀರಿನ ಬಗ್ಗೆ ಒಟ್ಟಿಗೆ ಪ್ರಶ್ನೆ ಕೇಳುವ ಅವಕಾಶವನ್ನು ಹೀಗೆ ಕಳೆದುಕೊಳ್ಳುವುದು ಯಾರಿಗೆ ಲಾಭವೆಂಬುದನ್ನು ಓದುಗರೇ ಯೋಚಿಸಲಿ.

ಬೇಡ್ತಿಯ ನೀರನ್ನು ವರದೆಗೆ ಹರಿಸಬೇಕೆಂಬ ಬೇಡಿಕೆ ಹಾವೇರಿಯಲ್ಲಿದೆ. ನಮ್ಮ ಕಾಡು, ಕಣಿವೆ ನಾಶವಾಗುತ್ತದೆಂಬ ಪ್ರತಿರೋಧ ಉತ್ತರ ಕನ್ನಡದಲ್ಲಿದೆ. ನೆರೆಯ ನವಲಗುಂದ, ನರಗುಂದದ ರೈತರು ಮಹದಾಯಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ನ್ಯಾಯಾಧಿಕರಣವು ರಾಜ್ಯಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿದರೂ ಅನುಮತಿ, ತಕರಾರುಗಳು ಬೆನ್ನುಬಿಡಲಿಲ್ಲ. ಇದರ ಪಾಠ ಸ್ಪಷ್ಟವಾಗಿದೆ. ಇನ್ನೊಬ್ಬರ ನದಿಯ ನೀರು ಬರುವುದಿದ್ದರೂ ಅದಕ್ಕೆ ದಶಕಗಳು ಬೇಕು. ನಮ್ಮ ಹೊಲದ ಮೇಲೆ ಬಿದ್ದ ಮಳೆಗೆ ಯಾವ ನ್ಯಾಯಾಧಿಕರಣದ ಅಪ್ಪಣೆಯೂ ಬೇಡ. ಇರುವ ಕೆರೆಯನ್ನು ಕಾಪಾಡದವರು ಬಾರದ ನದಿಗಾಗಿ ಬೇಡುವಾಗ ಆ ಬೇಡಿಕೆಗೆ ನೈತಿಕ ಬಲವೂ ಕಡಿಮೆಯೇ.

ಕೆರೆ ಸೋತಾಗ ಜನರು ಕೊಳವೆಬಾವಿಗೆ ಮೊರೆಹೋದರು. 10 ಎಚ್‌ಪಿ ತನಕದ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ನೀಡುವ ನೀತಿ 2008ರಿಂದ ಇದೆ. ಬಡ ರೈತನಿಗೆ ಅದು ಆಸರೆ, ನಿಜ. ಆದರೆ ಆಳಕ್ಕೆ ಕೊರೆಯಿಸಬಲ್ಲವನ ಬಾವಿ ಉಳಿಯುತ್ತದೆ, ಪಕ್ಕದ ಸಣ್ಣ ಹಿಡುವಳಿದಾರನ ಬಾವಿ ಬತ್ತುತ್ತದೆ. ನೆಲದಡಿಯ ನೀರಿಗೆ ಬೇಲಿಯಿಲ್ಲ. ಅಂತರ್ಜಲ ನಿಯಂತ್ರಣಕ್ಕೆ 2011ರ ಅಧಿನಿಯಮವಿದ್ದರೂ ಅದರ ಅರಿವು ಎಷ್ಟು ಮಂದಿಗಿದೆ? 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ನಳದ ಮೂಲಕ ಕೊಡುವ ಗುರಿ ಹೊಂದಿದೆ. ಆದರೆ ಮೂಲವೇ ಬತ್ತಿದರೆ ನಳವು ಗೋಡೆಯ ಅಲಂಕಾರವಾದೀತು.

ಪಟ್ಟಣದಲ್ಲಿ ವಾಸಿಸುವ ನಮ್ಮ ಕುಟುಂಬಗಳು ಇದನ್ನು ಹಳ್ಳಿಯ ಸಮಸ್ಯೆಯೆಂದು ತಿಳಿಯಬಾರದು. ಕೆರೆಗೆ ಚರಂಡಿ ಹರಿಸುವುದರಲ್ಲಿ, ರಾಜಕಾಲುವೆಯ ಮೇಲೆ ಮನೆ ಕಟ್ಟುವುದರಲ್ಲಿ ಪಟ್ಟಣಗಳೇ ಮುಂದಿವೆ. ಮದೀನಾದಲ್ಲಿ ಹಣ ಕೊಟ್ಟವರಿಗೆ ಮಾತ್ರ ನೀರು ಸಿಗುತ್ತಿದ್ದ ರೂಮಾ ಬಾವಿಯನ್ನು ಹ. ಉಸ್ಮಾನ್‌ರವರು(ರ) ಖರೀದಿಸಿ ಎಲ್ಲರಿಗೂ ಮುಕ್ತಗೊಳಿಸಿದ ಇತಿಹಾಸವನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನ ನಮ್ಮ ಮಸೀದಿಯ ವುಝೂ ಕೊಳದ ಬಳಿ ಏಕೆ ಕಾಣಿಸುವುದಿಲ್ಲ? ದಿನಕ್ಕೆ ಐದು ಬಾರಿ ಹರಿದು ಚರಂಡಿ ಸೇರುವ ಆ ನೀರನ್ನು ಇಂಗುಗುಂಡಿಗೆ ಇಲ್ಲವೇ ಗಿಡಗಳಿಗೆ ತಿರುಗಿಸಲು, ಛಾವಣಿಯ ಮಳೆನೀರನ್ನು ಹಿಡಿಯಲು ಯಾವ ಸರಕಾರದ ಆದೇಶವೂ ಬೇಕಿಲ್ಲ. ಅಂಜುಮನ್ ಮತ್ತು ಮಸೀದಿ ಕಮಿಟಿಯ ಒಂದು ನಿರ್ಣಯ ಸಾಕು. ಹಳ್ಳಿಯಲ್ಲಿ ಗ್ರಾಮಸಭೆ, ಪಟ್ಟಣದಲ್ಲಿ ಪುರಸಭೆಯ ಸದಸ್ಯರು ನಮ್ಮ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು. ನಾವು ಅಲ್ಲಿಗೆ ಹೋಗುವುದು ಪಡಿತರ ಚೀಟಿ, ಮನೆ ಮಂಜೂರಾತಿಗೆ ಮಾತ್ರವಾದರೆ ನೀರಿನ ತೀರ್ಮಾನವನ್ನು ಬೇರೆಯವರು ಮಾಡುತ್ತಾರೆ. ನೀರು ಹೊರುವ ಶ್ರಮ ಮಹಿಳೆಯರದ್ದು. ನೀರಿನ ಸಭೆಯಲ್ಲಿ ಅವರ ಕುರ್ಚಿ ಖಾಲಿಯಾಗಿರುವುದು ಅನ್ಯಾಯ.

ಸರಕಾರಕ್ಕೆ ನಮ್ಮ ಆಗ್ರಹವೂ ದೊಡ್ಡದೇನಲ್ಲ. ಪ್ರತಿಯೊಂದು ಕೆರೆಯ ಗಡಿಯನ್ನು ಅಳೆದು ಕಲ್ಲು ನೆಡಲಿ. ಆ ಕೆರೆಗೆ ಯಾವ ಅಧಿಕಾರಿ ಹೊಣೆ ಎಂಬುದನ್ನು ಪಂಚಾಯತ್ ಕಚೇರಿಯ ಫಲಕದಲ್ಲಿ ಬರೆಯಿಸಲಿ. ಮೀನು ಮತ್ತು ಹೂಳುಮಣ್ಣಿನ ಆದಾಯವು ಅದೇ ಕೆರೆಯ ನಿರ್ವಹಣೆಗೆ ಸಿಗಲಿ. ಭೂರಹಿತರೂ ಮಹಿಳೆಯರೂ ಇರುವ ಬಳಕೆದಾರರ ಸಂಘಕ್ಕೆ ಅದರ ಲೆಕ್ಕ ಕೇಳುವ ಅಧಿಕಾರವಿರಲಿ. ನೀರು ಕುಡಿಯುವುದಕ್ಕೆ ಮೊದಲು, ಬೆಳೆಗೆ ಅನಂತರ ಎಂಬ ಕ್ರಮ ಕಾಗದದಿಂದ ತೂಬಿನವರೆಗೆ ಇಳಿಯಲಿ.

ಮುಂದಿನ ಬಾರಿ ಮತ ಕೇಳಲು ಬರುವವರು ಯಾವ ಪಕ್ಷದವರೇ ಇರಲಿ, ಎಷ್ಟು ಕೋಟಿಯ ಯೋಜನೆ ತರುತ್ತೀರೆಂದು ಕೇಳುವ ಮೊದಲು ನಮ್ಮೂರ ಕೆರೆಯ ಹೂಳು ಯಾವ ವರ್ಷ ತೆಗೆದಿರಿ ಎಂದು ಕೇಳೋಣ. ಆ ಪ್ರಶ್ನೆಯನ್ನು ಒಂದೇ ಬೀದಿಯ ಎರಡೂ ಸಮುದಾಯದವರು ಜೊತೆಯಾಗಿ ಕೇಳಿದರೆ, ಉತ್ತರಿಸದೆ ಹೋಗಲು ಯಾರಿಗೂ ಸಾಧ್ಯವಾಗದು.